ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸುವುದು: ಬಳಕೆದಾರರ ಕೈಪಿಡಿ

ಅಭಿನಂದನೆಗಳು! ಭಾನುವಾರ ನಂದಿಬೆಟ್ಟದ ಮೇಲೆ ಸೂರ್ಯೋದಯ ನೋಡಲು ನೀವು ತೀರ್ಮಾನಿಸಿದ್ದೀರಿ. ಅರ್ಧ ಬೆಂಗಳೂರು ಶನಿವಾರ ರಾತ್ರಿಯೇ ಇದೇ ತೀರ್ಮಾನಕ್ಕೆ ಬಂದಿದೆ ಎಂಬುದು ನಿಮಗಿನ್ನೂ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಈ ಕೈಪಿಡಿ ಕೈಗೆ ಸಿಗುವಂತಿರಲಿ. ಡ್ಯಾಶ್‌ಬೋರ್ಡ್‌ನಲ್ಲಿ, ವಿಮೆ ಪತ್ರದ ಮೇಲೆ, ಒಣಗಿದ ನಿಂಬೆಹಣ್ಣಿನ ಪಕ್ಕದಲ್ಲಿ ಇಟ್ಟುಕೊಳ್ಳಿ.

ಬೇಕಾಗುವ ಸಾಮಗ್ರಿ

ಕಾರು 1. ಓಡಿಸುವವರು 1. ದಾರಿ ಹೇಳುವವರು 4 (ಯಾರೂ ಆ ಕಡೆ ಹೋದವರಲ್ಲ). ಚಿತ್ರಾನ್ನದ ಡಬ್ಬಿ 1. ಚಿಲ್ಲರೆ ಕಾಸು. ದಪ್ಪ ಕಲ್ಲು 1. ಇದರ ಉಪಯೋಗವನ್ನು 4ನೇ ಹಂತದಲ್ಲಿ ವಿವರಿಸಲಾಗಿದೆ, ಅಲ್ಲಿಯವರೆಗೆ ಯಾರ ಮೇಲೂ ಪ್ರಯೋಗಿಸಬೇಡಿ.

ಹಂತ 1: ಹೊರಡುವುದು

ಬೆಂಗಳೂರಿನಿಂದ ನಂದಿಗೆ ಸುಮಾರು 60 ಕಿ.ಮೀ. ಮೂರೂವರೆಗೆ ಹೊರಡೋಣ ಎಂದು ಎಲ್ಲರೂ ಒಪ್ಪಿಕೊಂಡರೆ ನಾಲ್ಕೂವರೆಗೆ ಹೊರಡುತ್ತೀರಿ. ಉಳಿದ ಒಂದು ಗಂಟೆ, ಜರ್ಕಿನ್ ಮರೆತ ಒಬ್ಬರದ್ದು. ಅವರನ್ನು ಬಿಟ್ಟು ಹೋಗುವಂತಿಲ್ಲ, ಚಿತ್ರಾನ್ನ ಅವರ ಮನೆಯದ್ದೇ.

ಹಂತ 2: ದಾರಿ ಕೇಳುವುದು

ಮೊಬೈಲ್ ಮ್ಯಾಪಿನೊಳಗಿನ ಅಕ್ಕನ ಮೇಲೆ ಗೌರವವಿರಲಿ, ಪೂರ್ತಿ ನಂಬಿಕೆ ಬೇಡ. ಆಕೆಗೆ ದೂರ ಗೊತ್ತು, ದ್ರಾಕ್ಷಿ ತೋಟದ ಮುಳ್ಳುಬೇಲಿ ಗೊತ್ತಿಲ್ಲ. ಪಕ್ಕದ ಸ್ಕಂದಗಿರಿಗೆ ಹೊರಟಿದ್ದರೆ ಟೀ ಅಂಗಡಿಯಲ್ಲಿ "ಕಳವಾರ ಬೆಟ್ಟಕ್ಕೆ ಹೆಂಗೆ?" ಎಂದು ಕೇಳಿ. ಊರಿನವರ ಬಾಯಲ್ಲಿರುವ ಹೆಸರು ಅದು. ಹೆಸರು ಸರಿಯಾಗಿ ಹೇಳಿದರೆ ದಾರಿಯೂ ಸರಿಯಾಗಿ ಸಿಗುತ್ತದೆ. ಸ್ಕಂದಗಿರಿ ಎಂದರೂ ತೋರಿಸುತ್ತಾರೆ, ಆದರೆ ಟೀಗೆ ಮೊದಲು ನಿಮ್ಮನ್ನೊಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ.

ಹಂತ 3: ತಿರುವುಗಳು

ನಂದಿಯ ಘಾಟಿಯಲ್ಲಿ ಸುಮಾರು 40 ತಿರುವುಗಳಿವೆ. ನಿಯಮ ಒಂದೇ: ಇಳಿಯುವ ಗಾಡಿ ಏರುವ ಗಾಡಿಗೆ ದಾರಿ ಬಿಡಬೇಕು. ಏರುವಾಗ ಈ ನಿಯಮ ಎಲ್ಲರ ನಾಲಿಗೆಯ ಮೇಲಿರುತ್ತದೆ, ಇಳಿಯುವಾಗ ಒಬ್ಬರಿಗೂ ನೆನಪಾಗುವುದಿಲ್ಲ.

ಮಂಜು ಕವಿದಾಗ ಹೈ ಬೀಮ್ ಹಾಕಬೇಡಿ. ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಇಳಿಯುವಾಗ ಗಾಡಿ ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಚಿಕ್ಕಪ್ಪ ಎಲ್ಲ ಕುಟುಂಬದಲ್ಲೂ ಒಬ್ಬರಿರುತ್ತಾರೆ. ಅವರಿಗೆ ಸ್ಟಿಯರಿಂಗ್ ಕೊಡಬೇಡಿ. ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಅದು ಕಾದು ಕಮಟು ವಾಸನೆ ಬರುತ್ತದೆ, ಆಮೇಲೆ ಹಿಡಿಯುವುದೂ ಇಲ್ಲ. ಆ ವಾಸನೆ ಬಂದರೆ ಹಿಂದಿನ ಸೀಟಿನವರನ್ನು ಅನುಮಾನಿಸದೆ ಗಾಡಿ ನಿಲ್ಲಿಸಿ, ಆರಲು ಬಿಡಿ.

ಹಂತ 4: ನಿಲ್ಲಿಸುವುದು

ಕೈಪಿಡಿಯ ಮುಖ್ಯ ಭಾಗ ಇದು. ನಿಧಾನವಾಗಿ ಓದಿ.

(ಅ) ಜಾಗ ಹುಡುಕಿ. ಸಿಗುವುದಿಲ್ಲ. ಮುಂದಿನ ಸಾಲಿಗೆ ಹೋಗಿ.

(ಆ) ಇಳಿಜಾರಿನಲ್ಲಿ ನಿಲ್ಲಿಸಬೇಕಾಗಿ ಬಂದರೆ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ. ಮೂತಿ ಮೇಲಕ್ಕಿದ್ದರೆ ಮೊದಲ ಗೇರು, ಕೆಳಕ್ಕಿದ್ದರೆ ರಿವರ್ಸ್ ಗೇರು. ಚಕ್ರಕ್ಕೆ ಇಳಿಜಾರಿನ ಕಡೆಯಿಂದ ಆ ದಪ್ಪ ಕಲ್ಲು ಕೊಡಿ. ಹೊರಡುವಾಗ ಕಲ್ಲು ತೆಗೆದು ಪಕ್ಕಕ್ಕಿಡಿ. ನಡುರಸ್ತೆಯಲ್ಲಿ ಬಿಟ್ಟುಹೋದರೆ ಮಂಜಿನಲ್ಲಿ ಬರುವ ಬೈಕಿನವನು ಅದನ್ನು ಕಾಣುವುದು ಬಿದ್ದ ಮೇಲೆಯೇ.

(ಇ) ತೋಟದ ಗೇಟಿನ ಮುಂದೆ ನಿಲ್ಲಿಸಬೇಡಿ. "ಐದೇ ನಿಮಿಷ" ಎಂದುಕೊಂಡೂ ನಿಲ್ಲಿಸಬೇಡಿ.

ಇದನ್ನು ಬರೆದವನ ಅನುಭವ ಹೀಗಿದೆ. ಒಂದು ಭಾನುವಾರ ಬೆಟ್ಟದ ಬುಡದ ಹಳ್ಳಿಯಲ್ಲಿ, ಕತ್ತಲಲ್ಲಿ, ತುಕ್ಕು ಹಿಡಿದ ಒಂದು ಗೇಟಿನ ಮುಂದೆ ಕಾರು ನಿಲ್ಲಿಸಿದೆ. ಹಾಳುಬಿದ್ದ ಜಾಗ ಎಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡೆ. ಮೇಲೆ ಹೋದರೆ ಬರೀ ಮಂಜು. ಸೂರ್ಯ ಹುಟ್ಟಿದ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಕೆಳಗಿಳಿದಾಗ ಗೇಟಿನ ಒಳಗೆ ಸೇವಂತಿಗೆ ತುಂಬಿದ ಟೆಂಪೊ ಒಂದು ಎಂಜಿನ್ ಆರಿಸಿ ನಿಂತಿತ್ತು. ರೈತರು ಮೋಟುಗೋಡೆಯ ಮೇಲೆ ಬೀಡಿ ಸೇದುತ್ತ ಕೂತಿದ್ದರು. ಬೈಗುಳಕ್ಕೆ ತಯಾರಾಗಿ ಹೋದೆ. ಅವರು ಬೈಯಲಿಲ್ಲ.

"ಸೂರ್ಯ ನಾಳೇನೂ ಬರ್ತಾನೆ ಸಾರ್. ಮಾರ್ಕೆಟ್ ರೇಟು ಬರಲ್ಲ."

ಅಷ್ಟೇ ಹೇಳಿ ಗೇಟು ತೆಗೆಯಲು ಎದ್ದರು. ಬೈದಿದ್ದರೆ ಆವತ್ತೇ ಮರೆತುಬಿಡುತ್ತಿದ್ದೆ.

ಎಚ್ಚರಿಕೆ: ಕೋತಿಗಳು

ಪಾರ್ಕಿಂಗ್ ಜಾಗದ ಖಾಯಂ ಸಿಬ್ಬಂದಿ ಇವರೇ. ಕಿಟಕಿ ಎರಡು ಬೆರಳು ತೆರೆದಿದ್ದರೂ ಸಾಕು, ಚಿತ್ರಾನ್ನದ ತಪಾಸಣೆ ನಡೆಯುತ್ತದೆ. ಕಾರಿನೊಳಗೆ ತಿಂಡಿಯ ಪೊಟ್ಟಣ ಕಾಣುವಂತೆ ಇಡಬೇಡಿ. ಪ್ರೀತಿಯಿಂದ ಬಿಸ್ಕತ್ತು ಕೊಡಲೂ ಬೇಡಿ. ನೀವು ಕೊಟ್ಟ ಅಭ್ಯಾಸವನ್ನು ಮುಂದಿನ ಕಾರಿನ ವೈಪರ್ ಅನುಭವಿಸುತ್ತದೆ.

ಹಂತ 5: ಜೀಪಿಗೆ ಶರಣಾಗುವುದು (ಮುಂದುವರಿದ ಬಳಕೆದಾರರಿಗೆ)

ನಂದಿ ಮುಗಿಸಿದವರು ಮಲೆನಾಡಿಗೆ ಬಡ್ತಿ ಪಡೆಯುತ್ತಾರೆ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, 1,930 ಮೀಟರ್. ಅಲ್ಲಿನ ರಸ್ತೆಯ ಅಗಲ ಈ ಕೀರ್ತಿಗೆ ತಕ್ಕಂತಿಲ್ಲ. ಎದುರಿಗೊಂದು ಗಾಡಿ ಬಂದರೆ ಇಬ್ಬರಲ್ಲಿ ಒಬ್ಬರು ರಿವರ್ಸ್ ಹೋಗಲೇಬೇಕು, ಅಷ್ಟರಲ್ಲಿ ಇಬ್ಬರ ಹಿಂದೆಯೂ ಹತ್ತು ಗಾಡಿ ಸೇರಿರುತ್ತವೆ. ಕುದುರೆಮುಖದ ಚಾರಣಕ್ಕೆ ಮುಳ್ಳೋಡಿ ತಲುಪಬೇಕಾದರೆ ಕೊನೆಯ ಕೆಲವು ಕಿಲೋಮೀಟರ್ ಜೀಪೇ ಗತಿ. ಕೊಡಚಾದ್ರಿಯ ಜೀಪು ದಾರಿಯಂತೂ ರಸ್ತೆಯಲ್ಲ, ಮಳೆಗಾಲ ಬಿಟ್ಟುಹೋದ ಗುರುತು.

ಇಲ್ಲಿ ನಿಮ್ಮ ಹೊಸ ಎಸ್‌ಯುವಿಯ ಜಾಹೀರಾತನ್ನು ಮರೆಯಿರಿ. ಅದರಲ್ಲಿ ಗಾಡಿ ಬಂಡೆ ಹತ್ತಿತ್ತು, ನಿಜ. ಆ ಬಂಡೆಗೆ ಸಾಲದ ಕಂತು ಇರಲಿಲ್ಲ. ಕಾರನ್ನು ಕೆಳಗೆ ಬಿಟ್ಟು ಜೀಪು ಹತ್ತಿ. ಕೊಡಚಾದ್ರಿಯ ನೆತ್ತಿಯಲ್ಲಿ ಶಂಕರಾಚಾರ್ಯರ ಹೆಸರಿನ ಸರ್ವಜ್ಞಪೀಠವಿದೆ. ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತ ಎಲೆಯಡಿಕೆ ಜಗಿಯುವ ಜೀಪು ಡ್ರೈವರನ್ನು ನೋಡಿದರೆ, ಪೀಠ ಕೆಳಗೂ ಒಂದಿದೆ ಎನ್ನಿಸುತ್ತದೆ.

ಸಮಸ್ಯೆ ಮತ್ತು ಪರಿಹಾರ

ಸಮಸ್ಯೆ: ಗೇಟು ತಲುಪುವ ಮೊದಲೇ ಸೂರ್ಯ ಹುಟ್ಟಿದ.
ಪರಿಹಾರ: ಕಾರಿನ ಸಾಲಿನಲ್ಲೇ ಇಳಿದು ಪೂರ್ವಕ್ಕೆ ತಿರುಗಿ. ಅವನೇ ಇವನು.

ಸಮಸ್ಯೆ: ಪರ್ಮಿಟ್ ಬೇಕಂತೆ, ಗೊತ್ತಿರಲಿಲ್ಲ.
ಪರಿಹಾರ: ಸ್ಕಂದಗಿರಿ, ಕುಮಾರ ಪರ್ವತದಂಥ ಕಡೆ ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಬೇಕು. ಚೆಕ್‌ಪೋಸ್ಟಿನಲ್ಲಿ "ನಮ್ಮ ಭಾವ ಡಿಪಾರ್ಟ್‌ಮೆಂಟಲ್ಲೇ ಇರೋದು" ಎನ್ನಬೇಡಿ. ಆ ಗಾರ್ಡು ಬೆಳಗಿನಿಂದ ಇಂಥ ನಾಲ್ಕು ಭಾವಂದಿರ ಕಥೆ ಕೇಳಿದ್ದಾನೆ.

ಸಮಸ್ಯೆ: ಕಾರು ಎಲ್ಲಿ ನಿಲ್ಲಿಸಿದ್ದೆವೋ ನೆನಪಿಲ್ಲ.
ಪರಿಹಾರ: ಬಿಳಿ ಕಾರು ಹುಡುಕಬೇಡಿ, ಎಲ್ಲವೂ ಬಿಳಿಯೇ. ಕೋತಿ ಕೂತ ಕಾರನ್ನು ಹುಡುಕಿ.

ಖಾತರಿ

ಈ ಕೈಪಿಡಿಯನ್ನು ಅಕ್ಷರಶಃ ಪಾಲಿಸಿದರೂ ಪಾರ್ಕಿಂಗ್ ಸಿಗುವ ಖಾತರಿ ಇಲ್ಲ. 1986ರಲ್ಲಿ ಸಾರ್ಕ್ ಶೃಂಗಸಭೆಗೆ ಬಂದಿದ್ದ ಏಳು ದೇಶಗಳ ನಾಯಕರು ನಂದಿಬೆಟ್ಟದಲ್ಲಿ ಕಲೆತಿದ್ದರು. ಅವರ ಗಾಡಿಗೆ ಜಾಗ ನೋಡುವವರು ಬೇರೆ ಇದ್ದರು, ನಿಮಗಿಲ್ಲ. ಆದರೆ ಕೆಎಸ್‌ಆರ್‌ಟಿಸಿ ಬಸ್ಸು ಇದೆ. ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದು ಡ್ರೈವರಿನ ತಲೆನೋವು. ಬೆಟ್ಟ ಹತ್ತಲು ಸುಲ್ತಾನ್‌ಪೇಟೆ ಕಡೆಯಿಂದ ಸಾವಿರಕ್ಕೂ ಮಿಕ್ಕಿದ ಹಳೆಯ ಮೆಟ್ಟಿಲುಗಳೂ ಇವೆ. ಅಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ.

ಇಷ್ಟಾದರೂ ಕಾರಲ್ಲೇ ಹೋಗುತ್ತೀರಿ, ಗೊತ್ತು. ನಾನೂ ಹೋಗುತ್ತೇನೆ. ಒಂದೇ ಕೋರಿಕೆ: ಹ್ಯಾಂಡ್‌ಬ್ರೇಕ್ ಎಳೆದ ಮೇಲೆ ಒಮ್ಮೆ ಇಳಿದು, ಮೊಬೈಲಿನ ಟಾರ್ಚ್ ಹಾಕಿ, ಹಿಂದೆ ಗೇಟು ಇದೆಯೇ ನೋಡಿ. ತುಕ್ಕು ಹಿಡಿದಿದ್ದರೂ ಅದು ಗೇಟೇ.