ಮಿಲಿಸೀವರ್ಟ್ ಮಾವ

ಚನ್ನಪಟ್ಟಣದಿಂದ ಕನಕಪುರದವರೆಗೆ ಯಾವ ಬೀಗರೂಟಕ್ಕೆ ಹೋದರೂ ಪಂಕ್ತಿಗೊಬ್ಬ ಮಾಜಿ ಸೈನಿಕ ಸಿಗುತ್ತಾನೆ. ಹೆಚ್ಚಿನವರು ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯುರಿಟಿ. ಮಿಲಿಸೀವರ್ಟ್ ಮಾವನ ತಳಿಯೇ ಬೇರೆ. ಮಿಲಿಟರಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ದುಡಿದು, ಅಣುಬಾಂಬು ಬಿದ್ದರೆ ಏನು ಮಾಡಬೇಕೆಂಬ ತರಬೇತಿ ಪಡೆದು, ಹವಾಲ್ದಾರನಾಗಿ ನಿವೃತ್ತನಾಗಿ, ಮಾಜಿ ಸೈನಿಕರ ಕೋಟಾದಲ್ಲಿ ಕೈಗಾ ಅಣುಸ್ಥಾವರದಲ್ಲಿ ವಿಕಿರಣದ ಮೇಲೆ ಕಣ್ಣಿಡುವ ಹೆಲ್ತ್ ಫಿಸಿಕ್ಸ್ ವಿಭಾಗ ಹೊಕ್ಕವನು.

ಸೇನೆಯಲ್ಲಿ, ಬೀಳದ ಬಾಂಬಿಗೆ ಹೆದರಿ ಮಾಸ್ಕ್ ಹಾಕಿಕೊಂಡು ಓಡಿದ್ದೇ ಓಡಿದ್ದು. ಕೈಗಾದಲ್ಲಿ ಓಡುವ ಹಾಗೇ ಇಲ್ಲ. ಮಗನ ವಯಸ್ಸಿನ ಹುಡುಗನಿಂದ ಪಾಠ, ಆಮೇಲೆ ಪರೀಕ್ಷೆ. ಎದೆಯ ಮೇಲೆ ಮೆಡಲ್ ಇದ್ದ ಜಾಗಕ್ಕೆ, ಮೈಗೆ ಬಿದ್ದ ವಿಕಿರಣದ ಲೆಕ್ಕವಿಡುವ ಟಿಎಲ್‌ಡಿ ಬ್ಯಾಡ್ಜು. ಅಲ್ಲಿರುವುದು ಭಾರಜಲದ ರಿಯಾಕ್ಟರು. ಆ ಭಾರಜಲದಲ್ಲಿ ಹುಟ್ಟುವ ವಿಕಿರಣಶೀಲ ಟ್ರಿಟಿಯಂ ಮೈಗೆ ಸೇರಿದೆಯೇ ಎಂದು ನೋಡಲು ಮೂತ್ರ ಪರೀಕ್ಷೆ ಬೇರೆ. “ಅಲ್ಲಿ ಸೆಲ್ಯೂಟ್ ಕೊಡ್ತಿದ್ದೆ, ಇಲ್ಲಿ ಸೀಸೆ ಕೊಡ್ತೀನಿ” ಎಂದು ಮಾವ ನಿಟ್ಟುಸಿರು ಬಿಟ್ಟರೂ ಆ ಸೀಸೆಯ ಮೇಲೆ ಅವನಿಗೆ ಅಪಾರ ಗೌರವ. 2009ರ ನವೆಂಬರಿನಲ್ಲಿ ಯಾರೋ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತ ಭಾರಜಲ ಸೇರಿಸಿದ್ದು ಗೊತ್ತಾದದ್ದು ಅದರಿಂದಲೇ.

ರಜೆಗೆ ಊರಿಗೆ ಬಂದವನು ಹೊಸ್ತಿಲಲ್ಲಿ ನಿಂತು ಕೈ ಅಗಲಿಸುತ್ತಾನೆ. ಸ್ಥಾವರದಿಂದ ಹೊರಬರುವಾಗ ವಿಕಿರಣ ಅಂಟಿದೆಯೇ ಎಂದು ಕೈಕಾಲು ಅಳೆಸಿಕೊಂಡ ಅಭ್ಯಾಸ. ತಬ್ಬಿಕೊಳ್ಳಲು ಬಂದನೆಂದು ಬೀಗರು ಗಾಬರಿಯಾದದ್ದೂ ಉಂಟು.

“ಮಗೀನ ಎತ್ಕೋಬ್ಯಾಡ ಕಣಪ್ಪ, ಅದೇನೋ ಕಿರಣವಂತೆ” ಎಂದಳು ಅವನಕ್ಕ, ಜಗಲಿಯ ಕಲ್ಲಿನ ಮೇಲೆ ಕೂತು. ಸಾಕಾಯಿತಲ್ಲ! ವರ್ಷಕ್ಕೆ ನೌಕರನಿಗೆ ಬೀಳುವ ವಿಕಿರಣ 30 ಮಿಲಿಸೀವರ್ಟ್ ಮೀರಬಾರದು, ಐದು ವರ್ಷದ ಸರಾಸರಿ 20 ದಾಟಬಾರದು, ಜಗತ್ತಿನಲ್ಲಿ ಸುಮ್ಮನೆ ಬದುಕಿರುವವನಿಗೇ ಪ್ರಕೃತಿಯಿಂದ ಸರಾಸರಿ 2.4 ಬೀಳುತ್ತದೆ ಎಂದು ಮಾವ ಶುರುಹಚ್ಚಿದ. “ನೀನು ಕೂತಿರೋ ಬಂಡೆನೂ ಬಿಡ್ತದೆ ಕಣಕ್ಕ. ಕ್ಲೋಸ್‌ಪೇಟೆ ಗ್ರಾನೈಟು, ಇನ್ನೂರೈವತ್ತು ಕೋಟಿ ವರ್ಷದ್ದು. ಒಳಗೆ ಯುರೇನಿಯಂ, ಥೋರಿಯಂ ಎಲ್ಲಾ ಅವೆ.” ಅಕ್ಕ ಸೆರಗು ಕೊಡವಿಕೊಂಡು ಎದ್ದಳು. ಅವತ್ತಿನಿಂದ ಆ ಕಲ್ಲಿನ ಮೇಲೆ ಹಪ್ಪಳವನ್ನೂ ಒಣಹಾಕಿಲ್ಲ.

“ಹಂಗಾದ್ರೆ ರಾಮನಗರದ ಬಂಡೆ ಮ್ಯಾಲಿದ್ದ ಗಬ್ಬರ್ ಸಿಂಗ್‌ಗೆ ಎಷ್ಟು ಬಿತ್ತು ಮಾವ?” ಎಂದ ಒಬ್ಬ ಪೋಕರಿ. ನಾವೆಲ್ಲ ನಕ್ಕೆವು. ಮಾವ ನಗಲಿಲ್ಲ, ಆ ಸಿನಿಮಾದ ಶೂಟಿಂಗ್ ಅಲ್ಲಿ ಎಷ್ಟು ತಿಂಗಳು ನಡೆಯಿತೆಂದು ವಿಚಾರಿಸಿ, ಲಗ್ನಪತ್ರಿಕೆಯ ಹಿಂಭಾಗದಲ್ಲಿ ಲೆಕ್ಕ ಹಾಕಲು ಕೂತೇಬಿಟ್ಟ. ಅಸಲಿ ತಳಿಯನ್ನು ಗುರುತಿಸುವುದು ಹೀಗೆ: ತಮಾಷೆಯನ್ನೂ ಅಳೆಯದೆ ಬಿಡುವುದಿಲ್ಲ.

ಊಟ ಮುಗಿದು ಎಲೆಯಡಿಕೆ ಹೊತ್ತಿಗೆ ಅವನ ಜಂಬ ಹೊರಬರುತ್ತದೆ. ಕೈಗಾದ ಒಂದನೇ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಮಾಡಿದ ಕಥೆ. ಮಾಗಡಿ ಕಡೆಯ ಅವನ ಬಾಮೈದ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಸುಣ್ಣ ಹಚ್ಚುತ್ತಾ ಅಂದ: “ಸರಿ ಬಾವ, ನಿಮ್ಮ ಮಿಷನ್ನು ಹಗಲೂ ರಾತ್ರಿ ಓಡ್ತದೆ. ಮತ್ತೆ ನಮ್ಮ ಪಂಪ್‌ಸೆಟ್ಟಿಗೆ ತ್ರೀ ಫೇಸು ನಡುರಾತ್ರೀಲೇ ಯಾಕ್ ಬತ್ತದೆ?”

ಮಾವ ಲಗ್ನಪತ್ರಿಕೆ ತಿರುಗಿಸಿ ಖಾಲಿ ಜಾಗ ಹುಡುಕಿದ.