ಹಾಪ್-ಅಪ್ ರಬ್ಬರ್ ಸನ್ನಿಧಾನಕ್ಕೊಂದು ಬಿನ್ನವತ್ತಳೆ

ಇವರಿಗೆ,
ಶ್ರೀಮಾನ್ ಹಾಪ್-ಅಪ್ ರಬ್ಬರ್‌ರವರು,
ಒಳನಳಿಗೆಯ ಹಿಂತುದಿ, ವಿದ್ಯುತ್ ಏರ್‌ಸಾಫ್ಟ್ ಬಂದೂಕು,
ಮೊಕ್ಕಾಂ: ಚಿಬಾ ಪ್ರಾಂತ್ಯ, ಜಪಾನ್.

ವಿಷಯ: ಗುಂಡು ಒಳಗೆ ಬಾರದಿರುವ, ಬಂದರೂ ನೆಟ್ಟಗೆ ಹೋಗದಿರುವ ಬಗ್ಗೆ.

ಮಹನೀಯರೇ,

ಉಭಯ ಕುಶಲೋಪರಿ ಸಾಂಪ್ರತ. ತಾವು ಆ ಕತ್ತಲ ಕೋಣೆಯಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ನಾನೂ ಸುಖವಾಗಿದ್ದೇನೆ: ಬಯಲಲ್ಲಿ ಒಂದು ಪೀಪಾಯಿಯ ಮರೆಯಲ್ಲಿ ಮಂಡಿಯೂರಿ, ಟ್ರಿಗರ್ ಒತ್ತಿದಾಗಲೆಲ್ಲ ಬರೀ ಗಾಳಿ ಉಗುಳುವ ಬಂದೂಕು ಹಿಡಿದುಕೊಂಡು. ನಮ್ಮ ಆಟ ಮೈಗೆ ಬಣ್ಣ ಮೆತ್ತುವ ಪೇಂಟ್‌ಬಾಲ್ ಅಲ್ಲ. ಏಟು ತಗುಲಿದವನು ತಾನೇ ಕೈಯೆತ್ತಿ ‘ಹಿಟ್’ ಎಂದು ಕೂಗಬೇಕು, ಇಡೀ ಆಟ ನಿಂತಿರುವುದೇ ಈ ಪ್ರಾಮಾಣಿಕತೆಯ ಮೇಲೆ. ಎದುರಾಳಿಗಳು ಎಂಥ ಸತ್ಯಹರಿಶ್ಚಂದ್ರರಾದರೂ ಗಾಳಿ ತಗುಲಿದ್ದಕ್ಕೆ ಕೈ ಎತ್ತುವುದಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಲು ಸಂಕೋಚಪಡುತ್ತೇನೆ.

ತಮ್ಮ ಮಹಿಮೆ ಅರಿಯದ ಓದುಗರು ಇದ್ದಾರು. ಅವರಿಗಾಗಿ ಎರಡು ಮಾತು. ಏರ್‌ಸಾಫ್ಟ್ ಎಂಬುದು ಜಪಾನಿನಲ್ಲಿ ಹುಟ್ಟಿದ ಆಟ. ಆರು ಮಿಲಿಮೀಟರಿನದೆಂದು ಹೇಳಿಕೊಂಡರೂ ನಿಜವಾಗಿ 5.95 ಮಿ.ಮೀ. ಇರುವ ಪ್ಲಾಸ್ಟಿಕ್ ಗುಂಡನ್ನು ಗಾಳಿಯ ಒತ್ತಡದಿಂದ ಹಾರಿಸುವುದು. 1991ರಲ್ಲಿ ಟೋಕಿಯೊ ಮಾರುಯಿ ಕಂಪನಿ ಫ್ರೆಂಚ್ ಫಾಮಾಸ್ ರೈಫಲ್ಲಿನ ರೂಪದಲ್ಲಿ ಬ್ಯಾಟರಿ ಬಂದೂಕು ತಂದ ಮೇಲೆ ಆಟದ ಚಹರೆಯೇ ಬದಲಾಯಿತು. ಅಂಥ ಬಂದೂಕಿನ ಒಳನಳಿಗೆಯ ಹಿಂತುದಿಗೆ ತೊಡಿಸಿದ, ಬೆರಳ ತುದಿಯಷ್ಟೂ ಇಲ್ಲದ ರಬ್ಬರ್ ಕೊಳವೆಯೇ ತಾವು. ತಮ್ಮ ನೆತ್ತಿಯ ಮೇಲಿನ ಸಣ್ಣ ಉಬ್ಬು ನಳಿಗೆಯ ಕಿಂಡಿಯೊಳಗೆ ಇಣುಕಿ, ಹಾದುಹೋಗುವ ಗುಂಡಿನ ತಲೆ ಸವರುತ್ತದೆ. ಗುಂಡು ಹಿಮ್ಮುಖವಾಗಿ ತಿರುಗುತ್ತ ಹೊರಡುತ್ತದೆ. ಹಾಗೆ ತಿರುಗುವ ಗುಂಡನ್ನು ಗಾಳಿ ಮೇಲಕ್ಕೆತ್ತಿ ಹಿಡಿಯುತ್ತದೆ. ಜರ್ಮನಿಯ ಗುಸ್ತಾಫ್ ಮ್ಯಾಗ್ನಸ್ 1852ರಲ್ಲಿ ವಿವರಿಸಿದ ಪರಿಣಾಮ ಇದೇ. ತಾವಿಲ್ಲದಿದ್ದರೆ ಬೇಗನೆ ನೆಲ ಕಚ್ಚುವ 0.20 ಗ್ರಾಂ ಗುಂಡು, ತಮ್ಮ ಕೃಪೆಯಿದ್ದರೆ ನಲವತ್ತು ಮೀಟರ್ ದಾಟುತ್ತದೆ. ಕೃಪೆಯಿದ್ದರೆ, ಎಂದೆ.

ಮೊದಲನೆಯ ಕೃತಜ್ಞತೆ ತಮ್ಮ ಲೋಕವ್ಯವಹಾರ ಜ್ಞಾನಕ್ಕೆ. ಗುಂಡು ಬರದಿದ್ದಾಗ ಎಲ್ಲರೂ ಮೊದಲು ಬೈಯುವುದು ಗುಂಡು ತುಂಬುವ ಮ್ಯಾಗಝೀನನ್ನು. ಬಡಪಾಯಿಯನ್ನು ಹೊರಗೆಳೆದು ಅಂಗೈಗೆ ಬಡಿದು, ಮತ್ತೆ ಸಿಕ್ಕಿಸಿ, ಕೊನೆಗೆ ಹೊಸದನ್ನೇ ಕೊಳ್ಳುತ್ತಾರೆ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಕಥೆಯನ್ನು ತಾವು ಎಲ್ಲಿ ಕೇಳಿದಿರೋ ತಿಳಿಯದು, ಆದರೆ ಅನುಷ್ಠಾನದಲ್ಲಿ ತಮ್ಮನ್ನು ಮೀರಿಸಿದವರಿಲ್ಲ. ತಮ್ಮನ್ನು ಅನುಮಾನಿಸುವ ಉದ್ಧಟತನಕ್ಕೆ ಕ್ಷಮೆಯಿರಲಿ, ಪರೀಕ್ಷೆ ಸುಲಭವಾಗಿದೆ. ಕಣ್ಣಿಗೆ ಕನ್ನಡಕ ಏರಿಸಿ, ಮ್ಯಾಗಝೀನ್ ತೆಗೆದು, ಬಂದೂಕನ್ನು ತಲೆಕೆಳಗು ಮಾಡಿ, ಗುಂಡು ಹೊಗುವ ತೂತಿಗೆ ನಾಲ್ಕು ಗುಂಡು ಬಿಡುವುದು. ನಳಿಗೆಯನ್ನು ಖಾಲಿ ದಿಕ್ಕಿಗೆ ಹಿಡಿದು ಒಂದೊಂದಾಗಿ ಹಾರಿಸುವುದು. ನಾಲ್ಕೂ ಹೋದರೆ ಅಪರಾಧಿ ಮ್ಯಾಗಝೀನೇ: ಸೋತ ಸ್ಪ್ರಿಂಗು, ಇಲ್ಲವೇ ತನ್ನ ಜಾಗದಲ್ಲಿ ಕೆಳಗೆ ಕುಸಿದು ಕೂತಿರುವುದು. ಅದರ ಮೈಗೆ ಒಂದು ಸುತ್ತು ಇನ್ಸುಲೇಷನ್ ಟೇಪು ಸುತ್ತಿದರೆ ಅಲುಗಾಟ ನಿಲ್ಲುವುದುಂಟು. ಹೋಗದಿದ್ದರೆ, ಮಹನೀಯರೇ, ತನಿಖೆ ತಮ್ಮ ಮನೆ ಬಾಗಿಲಿಗೆ ಬರುತ್ತದೆ.

ಎರಡನೆಯದಾಗಿ, ತಮ್ಮ ಸ್ವಾಗತ ಪದ್ಧತಿ. ಪಾಪ, ಗೇರ್‌ಬಾಕ್ಸಿನ ಟ್ಯಾಪೆಟ್ ಪ್ಲೇಟು ನಾಝಲನ್ನು ಹಿಂದಕ್ಕೆಳೆದು ದಾರಿ ಬಿಡುತ್ತದೆ, ಕೆಳಗಿನಿಂದ ಒಂದು ಗುಂಡು ಏರುತ್ತದೆ, ನಾಝಲ್ ಅದನ್ನು ಮುಂದೂಡಿ ತಮ್ಮ ತುಟಿಗೆ ತಂದಿಡುತ್ತದೆ, ಹಿಂದೆಯೇ ಪಿಸ್ಟನ್ ಗಾಳಿ ಒದೆಯುತ್ತದೆ. ಸೆಕೆಂಡಿಗೆ ಹದಿನೈದು ಸಲ ನಡೆಯುವ ಸೇವೆ ಇದು. ತಾವು ಮಾತ್ರ, ತಮ್ಮ ಕೋಣೆಗೂ ಗೇರ್‌ಬಾಕ್ಸಿಗೂ ನಡುವೆ ಕೂದಲೆಳೆಯ ಸಂದು ಬಿದ್ದರೂ ಸಾಕು, ಮುನಿಸಿಕೊಳ್ಳುತ್ತೀರಿ. ಆ ಸಂದು ಬೀಳದಂತೆ ತಮ್ಮನ್ನು ಹಿಂದಕ್ಕೆ ಒತ್ತಿ ಹಿಡಿಯಲೆಂದೇ ನಳಿಗೆಯ ಮೇಲೊಂದು ಸಣ್ಣ ಸ್ಪ್ರಿಂಗ್ ಇದೆ. ಬಿಚ್ಚಿ ಕಟ್ಟುವಾಗ ಹಾರಿ ಮೇಜಿನಡಿ ಸೇರುವ ಸ್ಪ್ರಿಂಗೂ ಅದೇ. ವೇಗ ಹೆಚ್ಚಿಸಿದ ಬಂದೂಕಿನಲ್ಲಿ ಗುಂಡು ಏರಿ ಬರುವ ಮೊದಲೇ ನಾಝಲ್ ಮುಂದೆ ಬಂದುಬಿಟ್ಟರೆ ಸೆಕ್ಟರ್ ಗೇರಿಗೆ ಡಿಲೇಯರ್ ಎಂಬ ಚಿಕ್ಕ ತುಂಡು ಸಿಕ್ಕಿಸಿ ನಾಝಲನ್ನು ಕ್ಷಣಕಾಲ ಹೆಚ್ಚು ಹಿಂದೆ ಹಿಡಿಯಬೇಕು. ಇನ್ನು ತಮಗೆ ವಯಸ್ಸಾಗಿ ತುಟಿ ಸವೆದರೆ ಎರಡೆರಡು ಗುಂಡನ್ನು ಒಟ್ಟಿಗೆ ಒಳಬಿಡುತ್ತೀರಿ, ಅಥವಾ ಬಂದ ಗುಂಡು ಹಿಡಿತವಿಲ್ಲದೆ ನಳಿಗೆಯುದ್ದ ಉರುಳಿ ನನ್ನ ಬೂಟಿನ ಮುಂದೆ ಬೀಳುತ್ತದೆ. ಔದಾರ್ಯಕ್ಕೂ ಒಂದು ಮಿತಿ ಬೇಡವೇ?

ತಮ್ಮನ್ನು ಬದಲಿಸಲು ಹೋದವನ ಪಾಡನ್ನೂ ಹೇಳಿಬಿಡುತ್ತೇನೆ. ಟೋಕಿಯೊದ ಅಕಿಹಾಬಾರಾದ ಅಂಗಡಿಗಳಲ್ಲಿ ತಮ್ಮ ಬಂಧುಬಳಗ ಗೋಡೆ ತುಂಬ ತೂಗುತ್ತದೆ: ಐವತ್ತು ಡಿಗ್ರಿಯವರು ಮೃದು, ಎಂಬತ್ತು ಡಿಗ್ರಿಯವರು ಗಡಸು. ಜಪಾನಿನ ಮೆತ್ತನೆಯ ಸ್ಪ್ರಿಂಗಿಗೆ ಮೃದುವಾದವರೇ ಲೇಸು. ಆದರೂ ಗಡಸು ಎಂದರೆ ಗಟ್ಟಿಮುಟ್ಟು ಎಂದು ತಂದು ಕೆಡುವವರೇ ಜಾಸ್ತಿ. ಕರೆತಂದ ಮೇಲೆ ಪಾತ್ರೆ ತೊಳೆಯುವ ಸಾಬೂನಿನಲ್ಲಿ ಅಭ್ಯಂಜನವಾಗಬೇಕು, ಅಚ್ಚಿನ ಎಣ್ಣೆ ಹೋಗಲಿ ಎಂದು. ಸಿಲಿಕೋನ್ ಎಣ್ಣೆ ಒಳಮೈಯಲ್ಲಿ ಉಳಿದರೆ ತಾವು ಗುಂಡಿನ ಕೈ ಹಿಡಿಯುವುದಿಲ್ಲ, ಪೆಟ್ರೋಲಿಯಂ ಎಣ್ಣೆ ಸೋಕಿದರೆ ಊದಿಕೊಳ್ಳುತ್ತೀರಿ. ತೊಡಿಸುವಾಗ ಒಂದು ಎಳೆಯಷ್ಟು ಓರೆಯಾದರೂ ಗುಂಡುಗಳೆಲ್ಲ ಎಡಕ್ಕೋ ಬಲಕ್ಕೋ ಬಾಗಿ ಹೋಗುತ್ತವೆ. ತಮ್ಮ ಬೆನ್ನು ಒತ್ತುವ ‘ನಬ್’ ಎಂಬ ತುಂಡಿನ ವಿಷಯದಲ್ಲಿ ಮಾತ್ರ ತಾವು ನಿಗರ್ವಿ. ಪೆನ್ಸಿಲಿನ ತುದಿಯ ಅಳಿಸುವ ರಬ್ಬರನ್ನು ಕತ್ತರಿಸಿ ಇಟ್ಟರೂ ಒಪ್ಪಿಕೊಂಡಿದ್ದೀರಿ. ಆರ್-ಹಾಪ್ ಎಂದು ನಳಿಗೆಯ ಕಿಂಡಿಯನ್ನೇ ರಬ್ಬರ್ ತೇಪೆಯಿಂದ ಮುಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಹದ ಮಾಡುವ ತಪಸ್ವಿಗಳೂ ಇದ್ದಾರೆ. ಅವರಿಗೆ ನನ್ನ ನಮಸ್ಕಾರ. ನನಗೆ ಸೋಮವಾರ ಆಫೀಸಿದೆ.

ಇಷ್ಟೆಲ್ಲ ಮಾಡಿ ತಾವು ಪ್ರಸನ್ನರಾದಿರಿ ಎಂದುಕೊಳ್ಳಿ, ಅದೂ ಒಂದು ಸಂಕಟ. ಗಾಳಿ ಸೋರದಂತೆ ಹೊಸ ರಬ್ಬರ್ ಅಪ್ಪಿ ಕೂತರೆ ಗುಂಡಿನ ವೇಗ ಏರುತ್ತದೆ. 2006ರಲ್ಲಿ ತಿದ್ದಿದ ಜಪಾನಿನ ಕಾನೂನಿನ ಪ್ರಕಾರ ಆರು ಮಿಲಿಮೀಟರ್ ಗುಂಡಿನ ಶಕ್ತಿ ಸುಮಾರು 0.98 ಜೂಲ್ ದಾಟುವಂತಿಲ್ಲ. 0.20 ಗ್ರಾಂ ಗುಂಡಿಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ 99 ಮೀಟರ್. ಬೆಳಿಗ್ಗೆ ಮೈದಾನದಲ್ಲಿ ವೇಗಮಾಪಕದ ಮುಂದೆ ನಿಂತಾಗ ತಮ್ಮ ಅತ್ಯುತ್ಸಾಹದಿಂದ ಆ ಗೆರೆ ದಾಟಿತೆನ್ನಿ, ನನ್ನ ಆಟಿಕೆ ಕಾನೂನಿನ ಕಣ್ಣಲ್ಲಿ ಆಟಿಕೆಯಾಗಿ ಉಳಿಯುವುದಿಲ್ಲ. ಕೆಲಸ ಮಾಡದಿದ್ದರೆ ನಗೆಪಾಟಲು, ಮಾಡಿದರೆ ಅಪರಾಧ. ಮತ್ತೆ ಎಲ್ಲ ಬಿಚ್ಚಿ ಮೆತ್ತನೆಯ ಸ್ಪ್ರಿಂಗ್ ಹಾಕುವ ಸೌಭಾಗ್ಯ ಕರುಣಿಸಿದ್ದಕ್ಕೆ ವಂದನೆಗಳು.

ತಮ್ಮ ಮಡಿವಂತಿಕೆಯನ್ನೂ ನೆನೆಯದಿರಲಾರೆ. ನೆಲಕ್ಕೆ ಬಿದ್ದ ಗುಂಡು ತಮಗೆ ವರ್ಜ್ಯ, ಅದು ಸರಿ. ಮಣ್ಣಿನ ಕಣ ತಮ್ಮ ಮೈ ಹರಿಯುತ್ತದೆ. ಆದರೆ ಹೊರಾಂಗಣ ಮೈದಾನಗಳು ಮಣ್ಣಲ್ಲಿ ಕರಗುವ ಜೈವಿಕ ಗುಂಡೇ ಬೇಕೆನ್ನುತ್ತವೆ, ಆ ಗುಂಡೋ ಮಳೆಗಾಲದ ತೇವಕ್ಕೆ ಊದಿ ಕೆಡುತ್ತದೆ. ಮಾಮೂಲಿ 6.08 ಮಿ.ಮೀ. ನಳಿಗೆ ಬಿಟ್ಟು 6.03ರ ಬಿಗಿ ನಳಿಗೆ ಕೊಂಡ ಜಾಣನಿಗೆ ಊದಿದ ಗುಂಡು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಚಳಿಗಾಲದ ಮುಂಜಾನೆ ತಾವು ಸೆಟೆದುಕೊಳ್ಳುತ್ತೀರಿ. ಮಧ್ಯಾಹ್ನ ಬಿಸಿಲೇರಿದರೆ ಕರಗುತ್ತೀರಿ. ತಮ್ಮ ಉಬ್ಬನ್ನು ಏರಿಳಿಸುವ ಡಯಲ್ಲನ್ನು ಮತ್ತೆ ತಿರುಗಿಸಬೇಕು. ತಿರುಗಿಸಿದ್ದು ಹೆಚ್ಚಾದರೆ ಗುಂಡು ಆಕಾಶಕ್ಕೇರುತ್ತದೆ, ಇನ್ನೂ ಹೆಚ್ಚಾದರೆ ಉಬ್ಬಿಗೆ ತಾಗಿ ಅಲ್ಲೇ ನಿಲ್ಲುತ್ತದೆ. ಆಗ ಮತ್ತೆ ಮ್ಯಾಗಝೀನಿಗೇ ಬೈಗುಳ.

ಆದಕಾರಣ ತಮ್ಮಲ್ಲಿ ವಿನಮ್ರ ಪ್ರಾರ್ಥನೆ: ಮುಂದಿನ ಭಾನುವಾರ ಊಟದ ಬಿಡುವಿನವರೆಗಾದರೂ ಒಂದಾದ ಮೇಲೊಂದರಂತೆ ಗುಂಡುಗಳನ್ನು ಒಳಬಿಟ್ಟುಕೊಂಡು, ಇಟ್ಟ ಗುರಿಯ ಆಸುಪಾಸಿಗೆ ಕಳುಹಿಸಿಕೊಡಬೇಕು. ಅಲ್ಲಿಯವರೆಗೆ ಹೊಸ ನಳಿಗೆ, ಹೊಸ ಮೋಟಾರು, ಹೊಸ ಮ್ಯಾಗಝೀನು ಯಾವುದನ್ನೂ ಕೊಳ್ಳುವುದಿಲ್ಲ. ಇದು ಬೆದರಿಕೆಯಲ್ಲ. ತಮ್ಮ ಬದಲಿಗೆ ಬರಬೇಕಾದವರು ಸಾಬೂನಿನ ಸ್ನಾನ ಮುಗಿಸಿ ಮೇಜಿನ ಮೇಲೆ ಒಣಗುತ್ತಿದ್ದಾರೆ ಎಂಬುದು ಮಾಹಿತಿ ಅಷ್ಟೆ.

ಇಂತಿ ತಮ್ಮ ವಿಧೇಯ,
ಒಬ್ಬ ಬಂದೂಕುಧಾರಿ

ಪ್ರತಿ: ಶ್ರೀ ಟ್ಯಾಪೆಟ್ ಪ್ಲೇಟ್‌ರವರಿಗೆ, ಮಾಹಿತಿ ಹಾಗೂ ಅಗತ್ಯ ಕ್ರಮಕ್ಕಾಗಿ.
ಶ್ರೀ ಮ್ಯಾಗಝೀನ್‌ರವರಿಗೆ, ಕ್ಷಮಾಪಣೆಯೊಂದಿಗೆ.