ಭಾವನ ಕೊಳ, ಊರಿನ ಮದ್ದು

ಬೆಂಗಳೂರಿನಲ್ಲಿ ನಾಲ್ಕು ಕಾಸು ಕಂಡು ನಾಗಮಂಗಲದ ಕಡೆ ತೋಟದ ಮನೆ ಕಟ್ಟುವವರದ್ದು ಒಂದು ಕ್ರಮ: ಮೊದಲು ಬೋರು, ಆಮೇಲೆ ಕಾಂಪೌಂಡು, ಆಮೇಲೆ ನಾಯಿ, ಕೊನೆಗೆ ಈಜುಕೊಳ. ನಮ್ಮ ಭಾವ ನಾಯಿಯನ್ನೂ ಕಾಯದೆ ಸೀದಾ ಕೊಳಕ್ಕೆ ಹಾರಿದರು. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳ, ಒಳಗೆಲ್ಲ ನೀಲಿ ಟೈಲ್ಸು. ಪಕ್ಕದ ಹೊಲದ ಯಜಮಾನರು ಬೇಲಿಯಾಚೆಯಿಂದ ಇಣುಕಿ, "ಕೃಷಿ ಹೊಂಡಕ್ಕೆ ಟೈಲ್ಸೂ ಹಾಕ್ಸಿದ್ದೀರಲ್ಲಣ್ಣ, ಸಬ್ಸಿಡಿ ಎಷ್ಟ್ ಬಂತು?" ಅಂದರಂತೆ. ಭಾವನಿಗೆ ಅವತ್ತಿನಿಂದ ಆ ಬೇಲಿಯ ಕಡೆ ಮುಖವಿಲ್ಲ.

ನೀಲಿ ಬಹಳ ದಿನ ಬಾಳಲಿಲ್ಲ. ಮುಂಗಾರಿನ ನಾಲ್ಕು ಹನಿ ಬಿದ್ದದ್ದೇ ನೆಪ, ಕೊಳ ಹಸಿರಾಯಿತು. ಚುಂಚನಗಿರಿಯಲ್ಲಿ ನವಿಲುಧಾಮವೇ ಇರುವಾಗ ಸುತ್ತಲಿನ ತೋಟಗಳಿಗೆ ನವಿಲು ಬರುವುದು ಹೊಸದೇನಲ್ಲ. "ಯಾವುದೋ ನವಿಲು ಇಲ್ಲಿ ಮುಳುಗಿ ಬಣ್ಣ ಬಿಟ್ಕೊಂಡು ಹೋಗಿದೆ ಕಣ್ರೀ" ಎಂದು ಅಕ್ಕ ಗಂಡನನ್ನು ಸಮಾಧಾನ ಮಾಡಿದಳು. ಸಮಾಧಾನವೋ ಚುಚ್ಚುಮಾತೋ ಅಕ್ಕನನ್ನೇ ಕೇಳಬೇಕು.

ಅಮಾವಾಸ್ಯೆ ಬಂತೆಂದರೆ ಚುಂಚನಗಿರಿಯ ಕಾಲಭೈರವೇಶ್ವರನ ದರ್ಶನಕ್ಕೆ ಬರುವ ನೆಂಟರೆಲ್ಲ ವಾಪಸು ಹೋಗುವಾಗ ಭಾವನ ಮನೆಗೊಂದು ಹಾಜರಿ ಹಾಕುತ್ತಾರೆ. ಕೈಗೆ ಕಾಫಿ ಲೋಟ ಬಂದ ಕೂಡಲೇ ಕೊಳದ ಸುತ್ತ ವೈದ್ಯರ ಸಭೆ ಸೇರುತ್ತದೆ. ಕೆ.ಆರ್. ಪೇಟೆಯ ದೊಡ್ಡಪ್ಪ, "ಎರಡ್ ಬುಟ್ಟಿ ಸುಣ್ಣ ಸುರಿಲಾ, ನೀರು ತಾನೇ ತಿಳಿಯಾಯ್ತದೆ" ಅಂದರು. ಅಡಿಕೆ ತೋಟದ ಮಾವನಿಗೆ ಬೋರ್ಡೋ ದ್ರಾವಣ ಹೊಡೆದು ಕೈ ಪಳಗಿದೆ. ಅವರ ಓಟು ಮೈಲುತುತ್ತಕ್ಕೆ. ಚಿಕ್ಕಮ್ಮ ಪಟಿಕ ಅಂದರು. ಪಾಂಡವಪುರದ ಹುಡುಗ, "ಆರೋಗ್ಯ ಇಲಾಖೆಯೋರು ಬುಡ್ತಾರಲ್ಲ, ಆ ಗಪ್ಪಿ ಮೀನು ತಂದ್ ಬುಡಿ" ಅಂದ. ಮೀನು ಸೊಳ್ಳೆ ಮರಿ ತಿನ್ನುತ್ತದೆ, ನೀರಿನ ಹಸಿರು ತೆಗೆಯುವುದಿಲ್ಲ. ಆದರೂ ಭಾವ ಒಂದು ಕ್ಷಣ ಆಸೆಪಟ್ಟಿದ್ದು ನಿಜ: ಈಜು ಇಲ್ಲದಿದ್ದರೆ ಸಾರಾದರೂ ಆಗುತ್ತದಲ್ಲ!

ಯಾರ ಮದ್ದೂ ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಸುಣ್ಣ ನೀರಿನ ಪಿಎಚ್ ಏರಿಸುತ್ತದೆ. ಏರಿದ ಪಿಎಚ್‌ನಲ್ಲಿ ಕ್ಲೋರಿನ್ ಸೋಮಾರಿಯಾಗುತ್ತದೆ. ಮೈಲುತುತ್ತ ಪಾಚಿ ಕೊಲ್ಲುತ್ತದೆ, ಜೊತೆಗೆ ತಾಮ್ರದ ಕಲೆಯನ್ನು ಗೋಡೆಗೆ ಕಾಣಿಕೆ ಕೊಡುತ್ತದೆ. ಚಿಕ್ಕಮ್ಮನ ಪಟಿಕ ಸರಿ, ಆದರೆ ಸರದಿ ತಪ್ಪು: ಜೀವ ಇರುವ ಪಾಚಿಯನ್ನು ಮೊದಲು ಸಾಯಿಸಬೇಕು, ಆಮೇಲೆ ತಳಕ್ಕೆ ಕೂರಿಸಬೇಕು.

"ನೀರು ಚೆಲ್ಲಿ ಹೊಸದು ತುಂಬಿದರೆ ಮುಗೀತಲ್ಲ" ಅನ್ನುವ ಪಂಗಡವೂ ಉಂಟು. ಭಾವನ ಕೊಳದಲ್ಲಿರುವುದು ಹೆಚ್ಚುಕಡಿಮೆ 22,600 ಲೀಟರು. ರಾಗಿಗೆ ಮಳೆ ನೋಡುವ ಸೀಮೆಯಲ್ಲಿ ಅಷ್ಟು ನೀರನ್ನು ಹಗಲು ಹೊತ್ತು ಚರಂಡಿಗೆ ಬಿಟ್ಟರೆ ಊರು ಸುಮ್ಮನಿರುತ್ತದೆಯೇ? ಶ್ರೀರಂಗಪಟ್ಟಣದ ನಾಲೆ ಬಯಲಲ್ಲಾದರೆ ಇನ್ನೊಂದು ಭಯ: ಅಂತರ್ಜಲ ಮೇಲಿರುವ ಕಡೆ ಕೊಳ ಖಾಲಿ ಮಾಡಿದರೆ ಕೆಳಗಿನ ನೀರು ಇಡೀ ತೊಟ್ಟಿಯನ್ನೇ ಎತ್ತಿ ಬಿರುಕು ಬಿಡಿಸಬಹುದು. ಅಷ್ಟೆಲ್ಲ ಮಾಡಿ ತುಂಬಿಸಿದ ಹೊಸ ನೀರಲ್ಲೂ ಕ್ಲೋರಿನ್ ಇಲ್ಲದಿದ್ದರೆ ಪಾಚಿ ಬಾಡಿಗೆ ಕರಾರಿಲ್ಲದೆ ವಾಪಸು ಬರುತ್ತದೆ. ಅದಕ್ಕೂ ಬೆಳೆಗೆ ಬೇಕಾದದ್ದೇ ಬೇಕು: ಬಿಸಿಲು, ಸಾರಜನಕ, ರಂಜಕ. ಪಕ್ಕದ ಹೊಲದ ಗೊಬ್ಬರ ಮಳೆನೀರಿನ ಜೊತೆ ಹರಿದು ಬಂದರೆ ಭಾವನ ಕೊಳದಲ್ಲೂ ಸುಗ್ಗಿ.

"ತೊಣ್ಣೂರು ಕೆರೆ ನೋಡಿ, ಯಾರು ಬ್ಲೀಚಿಂಗ್ ಪೌಡರ್ ಹಾಕ್ತಾರೆ?" ಎಂಬ ವಾದವೂ ಬಂತು. ನಿಜಾಮನ ಮಗ ನಾಸಿರ್ ಜಂಗ್ ಆ ತಿಳಿನೀರು ನೋಡಿ ಮೋತಿ ತಲಾಬ್ ಎಂದು ಹೆಸರಿಟ್ಟನಂತೆ, ಸರಿ. ಆದರೆ ಬೆಟ್ಟಗಳ ನಡುವಿನ ಆ ಕೆರೆಗೆ ಆಳ ಇದೆ, ನೀರು ಬರುವ ದಾರಿ ಇದೆ, ಹೋಗುವ ದಾರಿ ಇದೆ. ಭಾವನ ಕೊಳಕ್ಕಿರುವ ತೂಬು ಕೋಡಿ ಎರಡೂ ಆ ಮೂಲೆಯ ಮರಳು ಫಿಲ್ಟರ್ ಒಂದೇ. ಅದನ್ನೂ ಭಾವ ಕರೆಂಟು ಬಿಲ್ಲಿಗೆ ಹೆದರಿ ಆರಿಸಿಟ್ಟಿದ್ದರು!

ಕೊನೆಗೆ ನಡೆದ ಮದ್ದು ಇಷ್ಟೇ. ಮೊದಲು ಎಲೆ, ಕಸ ಎತ್ತಿ ಬಿಸಾಕುವುದು. ಹನಿ ಹಾಕಿ ಬಣ್ಣ ನೋಡುವ ಕಿಟ್‌ನಲ್ಲಿ ಪಿಎಚ್ ನೋಡಿ 7.2ರ ಆಸುಪಾಸಿಗೆ ತರುವುದು. ಗೋಡೆ, ಮೆಟ್ಟಿಲು, ಮೂಲೆ ಎಲ್ಲ ಬ್ರಶ್‌ನಿಂದ ತಿಕ್ಕುವುದು. ಲೋಳೆಯ ಮರೆಯಲ್ಲಿ ಕೂತ ಪಾಚಿಗೆ ಮದ್ದು ತಾಗುವುದಿಲ್ಲ. ಆಮೇಲೆ ಬ್ಲೀಚಿಂಗ್ ಪೌಡರ್. ಅದರಲ್ಲಿ ಸುಮಾರು ಶೇಕಡ 30 ಕ್ಲೋರಿನ್ ಅಂತ ಹಿಡಿದರೆ, ಲೀಟರಿಗೆ 10 ಮಿಲಿಗ್ರಾಂ ಮುಟ್ಟಿಸಲು ಈ ಕೊಳಕ್ಕೆ ಮುಕ್ಕಾಲು ಕೆಜಿ ಬೇಕು. ಬಕೆಟ್ ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಹುಯ್ಯಬಾರದು. ಪುಡಿಯೊಳಗಿನ ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ಕೊಳಕ್ಕೆ. ಹೊತ್ತು ಮುಳುಗಿದ ಮೇಲೆ ಹಾಕಬೇಕು, ಬಿಸಿಲು ಕ್ಲೋರಿನ್ನನ್ನು ತಿಂದುಬಿಡುತ್ತದೆ. ಆಸಿಡ್ ಬಾಟಲಿಯನ್ನು ಹತ್ತಿರ ಸುಳಿಯಗೊಡಬಾರದು. ಎರಡೂ ಸೇರಿದರೆ ಏಳುವುದು ವಿಷದ ಗಾಳಿ. ಹಗಲೂ ರಾತ್ರಿ ಫಿಲ್ಟರ್ ಓಡಬೇಕು, ಒತ್ತಡ ಏರಿದಾಗಲೆಲ್ಲ ಮರಳನ್ನು ತಿರುಗುಮುರುಗು ತೊಳೆಯಬೇಕು. ಬೆಳಗ್ಗೆ ಕ್ಲೋರಿನ್ ಇಳಿದಿದ್ದರೆ ಸಂಜೆ ಮತ್ತೆ ಅದೇ ಪೂಜೆ. ಹಸಿರು ಹೋಗಿ ನೀರು ಬೂದುಬಣ್ಣಕ್ಕೆ ತಿರುಗಿದಾಗ ಚಿಕ್ಕಮ್ಮನ ಪಟಿಕದ ಸರದಿ. ತಳಕ್ಕೆ ಕೂತ ರಾಡಿಯನ್ನು ಮೆಲ್ಲಗೆ ಹೀರಿ ಹೊರಗೆ ಬಿಟ್ಟರೆ ಟೈಲ್ಸು ಕಾಣುತ್ತದೆ. ತಳ ಕಾಣುವವರೆಗೆ, ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂಗೆ ಇಳಿಯುವವರೆಗೆ ಯಾರೂ ಇಳಿಯಬಾರದು.

ಸಲಹೆ ಕೊಡುವಾಗ ಕೊಳದ ಸುತ್ತ ನಿಲ್ಲಲು ಜಾಗವಿರಲಿಲ್ಲ. ಬ್ರಶ್ ಹೊರಗೆ ಬಂದದ್ದೇ ತಡ, ದೊಡ್ಡಪ್ಪನಿಗೆ ಸೊಂಟ ಹಿಡಿಯಿತು, ಮಾವನಿಗೆ ಬಸ್ಸಿನ ಹೊತ್ತಾಯಿತು, ಪಾಂಡವಪುರದ ಹುಡುಗನಿಗೆ ಫೋನ್ ಬಂತು. ತಿಕ್ಕಿದವರು ಭಾವ ಒಬ್ಬರೇ. ನಾನು ಬಿಡಲಿಲ್ಲಪ್ಪ, ಕೊನೆಯವರೆಗೂ ಜೊತೆಗಿದ್ದೆ, ಕುರ್ಚಿ ಹಾಕಿಕೊಂಡು.

ನೀರು ತಿಳಿಯಾದ ಸುದ್ದಿಗೆ ಮಾತ್ರ ಕಾಲಿದೆ. ಮುಂದಿನ ಅಮಾವಾಸ್ಯೆಗೆ ಅದೇ ವೈದ್ಯರೆಲ್ಲ ಮಕ್ಕಳುಮರಿ, ಟವೆಲ್ಲು ಸಮೇತ ಬಂದು ಇಳಿದರು. ಅಷ್ಟು ಮೈ ಒಟ್ಟಿಗೆ ಮುಳುಗಿದರೆ ಸಂಜೆಗೆ ಕ್ಲೋರಿನ್ ಸೊನ್ನೆ. ಭಾವ ಮತ್ತೆ ಬಕೆಟ್ ಹಿಡಿದರು. ಅವರಿಗೆ ಈಜಲು ಪುರುಸೊತ್ತೇ ಸಿಕ್ಕಿಲ್ಲ. ನನಗೆ ಚೆನ್ನಾಗಿ ಸಿಕ್ಕಿದೆ. ಆದ್ದರಿಂದ ಈಜುವ ಆಸೆ ಇರುವವರಿಗೆ ನನ್ನದೂ ಒಂದು ಪುಕ್ಕಟೆ ಸಲಹೆ: ಕೊಳ ಕಟ್ಟಿಸಬೇಡಿ, ಕೊಳ ಇರುವ ಭಾವನನ್ನು ಹುಡುಕಿಕೊಳ್ಳಿ.